ಇಮ್ಮೆಯ ಮಡು

ಬಾಲ್ಟಿಕ್ ಕಡಲಿನ ಪೂರ್ವದ ಸೀಮೆಯಲ್ಲಿ, ಕೊಯ್ವಾಲ ಎಂಬ ಊರಿನ ಕೆಳಗೆ ಹೊಳೆ ಒಮ್ಮೆಲೇ ತಿರುಗುವ ಜಾಗದಲ್ಲಿ ಕಪ್ಪು ನೀರಿನ ಮಡುವೊಂದಿದೆ. ದಿಬ್ಬದ ಮೇಲೊಂದು ಚರ್ಚು, ಕೆಳಗೆ ಈ ಮಡು. ಇದಕ್ಕೆ ಒಂದು ಕಡ್ಡಿ ಎಸೆದು ನೋಡಿ. ಅದು ಹೊಳೆಯ ಜೊತೆ ಕಡಲಿಗೆ ಹೋಗುವುದಿಲ್ಲ. ಒಂದು ಸುತ್ತು ಹಾಕಿ ಎಸೆದವರ ಕಾಲ ಬುಡಕ್ಕೇ ಬಂದು ನಿಲ್ಲುತ್ತದೆ. ಅದೆಲ್ಲ ಸುಳಿಯ ಆಟ ಎಂದು ತಿಳಿದವರು ಹೇಳುತ್ತಾರೆ, ಹೇಳಲಿ ಬಿಡಿ. ಊರವರು ಮಾತ್ರ ಇದನ್ನು ಇಮ್ಮೆಯ ಮಡು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಜನ ಓಕ್ ಮರಕ್ಕೂ ಗುಡುಗಿಗೂ ಕೈಮುಗಿಯುತ್ತಿದ್ದ ಕಾಲದಲ್ಲಿ, ಪಶ್ಚಿಮದಿಂದ ಹಡಗುಗಳು ಬಂದವು. ಇಳಿದವರು ಮೇಲಂಗಿಗೆ ಶಿಲುಬೆ ಹೊಲಿಸಿಕೊಂಡ ಕುದುರೆ ಸವಾರರು. ನಮ್ಮ ದೇವರನ್ನು ಒಪ್ಪಿ, ಇಲ್ಲವೇ ಸಾಯಿರಿ ಎಂದರು. ಒಪ್ಪದವರನ್ನು ಕಣಜಕ್ಕೆ ಅಟ್ಟಿ, ಹೊರಗಿನಿಂದ ಅಗಳಿ ಹಾಕಿ ಬೆಂಕಿ ಇಟ್ಟರು. ಒಳಗಿನ ಚೀರಾಟ ಅಡಗುವ ತನಕ ಉಳಿದವರನ್ನು ಎದುರಿಗೇ ನಿಲ್ಲಿಸಿದ್ದರಂತೆ. ಆಮೇಲೆ ಈಟಿ ಚುಚ್ಚಿ ಚುಚ್ಚಿ ಹೊಳೆಗೆ ಇಳಿಸಿ, ಪಾದ್ರಿಯಿಂದ ಎಲ್ಲರ ತಲೆಗೆ ಜ್ಞಾನಸ್ನಾನದ ನೀರು ಹಾಕಿಸಿ, ದಡದಲ್ಲಿ ಮರದ ಶಿಲುಬೆ ನೆಟ್ಟರು. ಜನ ಮತ್ತೆ ಹಳೆಯ ದೇವರ ಕಡೆ ತಿರುಗಬಾರದೆಂದು, ಊರ ಹಿರಿಯ ವೆಸ್ಕೆಯ ಒಬ್ಬನೇ ಮಗ ಅಸ್ಸೊನನ್ನು ಒತ್ತೆಯಾಳಾಗಿ ಕೆಳಹೊಳೆಯ ತಮ್ಮ ಕಲ್ಲುಕೋಟೆಗೆ ಎಳೆದೊಯ್ದರು. ಅಸ್ಸೊನ ಹೆಂಡತಿಯೇ ಇಮ್ಮೆ.

ಕೊಯ್ವಾಲದ ಜನರಲ್ಲಿ ಒಂದು ಕಟ್ಟಳೆ ಇತ್ತು. ಒಪ್ಪಂದ ಬೇಡವೆನಿಸಿದರೆ ಪಡೆದದ್ದನ್ನು ಮರ್ಯಾದೆಯಿಂದ ಮರಳಿಸಬೇಕು. ಆಗ ಆ ಕಡೆಯವರೂ ಒತ್ತೆಯಾಳನ್ನು ಕೂದಲೂ ಕೊಂಕದಂತೆ ಮನೆಗೆ ಕಳಿಸಬೇಕು. ಮಗನಿಲ್ಲದ ಮನೆಯಲ್ಲಿ ವೆಸ್ಕೆಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. "ಅವರ ನೀರು, ಅವರ ಮರ, ಎರಡನ್ನೂ ಅವರಿಗೇ ಕೊಟ್ಟುಬಿಡೋಣ. ಹುಡುಗ ಬಂದೇ ಬರುತ್ತಾನೆ" ಎಂದ. "ಮಾವ, ನಮ್ಮ ಕಟ್ಟಳೆ ಆ ಕೊಲೆಗಡುಕರಿಗೆ ಗೊತ್ತಿದೆಯೇ?" ಎಂದಳು ಇಮ್ಮೆ. "ಅವರೂ ತಾಯಿ ಹೊಟ್ಟೆಯಲ್ಲೇ ಹುಟ್ಟಿದವರು ತಾನೇ ಮಗಳೇ? ಇಷ್ಟೂ ಗೊತ್ತಿರುವುದಿಲ್ಲವೇ?" ಅಯ್ಯೋ ಪುಣ್ಯಾತ್ಮ! ಮುದುಕನ ಆಸೆ ಇಮ್ಮೆಗೂ ಅಂಟಿಕೊಂಡಿತು. ಗಂಡನ ಮುಖ ನೋಡಿದರೆ ಸಾಕಾಗಿತ್ತು ಅವಳಿಗೆ. ಊರಿಗೆ ಊರೇ ಹೊಳೆಗಿಳಿದು, ತಲೆ ತಿಕ್ಕಿ ತೊಳೆದು, ಜ್ಞಾನಸ್ನಾನವನ್ನು ಹರಿವ ನೀರಿಗೇ ಬಿಟ್ಟಿತು. ಶಿಲುಬೆಯನ್ನು ಮುರಿಯಲಿಲ್ಲ, ಸುಡಲಿಲ್ಲ. ಮೆಲ್ಲಗೆ ಕಿತ್ತು ತೆಪ್ಪದ ಮೇಲೆ ಮಲಗಿಸಿದರು. ದಾರಿಗಿರಲಿ ಎಂದು ಇಮ್ಮೆ ತನ್ನ ಕೈಯಾರೆ ಸುಟ್ಟ ರೊಟ್ಟಿಯನ್ನು ಅದರ ಪಕ್ಕದಲ್ಲಿಟ್ಟಳು. ತೆಪ್ಪ ಕೋಟೆಯ ಕಡೆಗೆ ತೇಲಿ ಹೋಯಿತು.

ತೆಪ್ಪ ತಿರುಗಿ ಬಂತು. ಸವಾರರು ಅದಕ್ಕೆ ಹಗ್ಗ ಕಟ್ಟಿ ಹೊಳೆಯ ಮೇಲಕ್ಕೆ ಎಳೆದು ತಂದಿದ್ದರು. ಅದರ ಮೇಲೆ ಅಸ್ಸೊನ ತಲೆ, ತಲೆಯ ಬಾಯಿಗೆ ಇಮ್ಮೆಯ ರೊಟ್ಟಿಯನ್ನೇ ತುರುಕಿದ್ದರು. "ತಗೊಳ್ಳಿ, ನಿಮ್ಮ ಹುಡುಗ" ಎಂದು ದಳಪತಿ ನಕ್ಕ. ಮಗನ ಕಡೆಗೆ ಕೈ ಚಾಚಿದ ವೆಸ್ಕೆಯನ್ನು ಅವನ ಕತ್ತಿ ಹೆಗಲಿನಿಂದ ಎದೆಯ ತನಕ ಸೀಳಿತು. ಓಡಿದವರನ್ನು ಕುದುರೆಗಳು ತುಳಿದವು. ಬಿದ್ದವರನ್ನು ಈಟಿಗಳು ನೆಲಕ್ಕೆ ನಾಟಿದವು. ಹೊಳೆಯಂಚಿನ ನೀರು ಕೆಂಪಾಯಿತು, ಅದೇ ನೀರಿಗೆ ಉಳಿದವರನ್ನು ಮತ್ತೆ ಜ್ಞಾನಸ್ನಾನಕ್ಕೆಂದು ಅಟ್ಟಿದರು. ಇಮ್ಮೆ ಅಳಲಿಲ್ಲ. ಗಂಡನ ಬಾಯಿಂದ ರೊಟ್ಟಿ ತೆಗೆದು, ಮುಖ ಒರೆಸಿ, ತಲೆಯನ್ನು ಮಡಿಲಲ್ಲಿ ಕಟ್ಟಿಕೊಂಡು ತಾನಾಗಿಯೇ ಮಡುವಿಗೆ ಇಳಿದಳು. ಪಾದ್ರಿ ಬರಹೋದರೆ ಬೇಡವೆಂದು ತಲೆಯಾಡಿಸಿ, ದಳಪತಿಯ ಕಡೆ ಕೈ ಮಾಡಿದಳು. "ನೀನು ಬಾ. ನಿನ್ನ ಕೈಯಿಂದಲೇ ನೀರು ಹಾಕು." ಸೊಕ್ಕು ಮುರಿಯಿತೆಂದು ಅವನು ಬೀಗಿದ, ಮೈತುಂಬ ಕಬ್ಬಿಣ ತೊಟ್ಟುಕೊಂಡೇ ನೀರಿಗಿಳಿದ. ಅವನು ಬಗ್ಗಿ ಬೊಗಸೆ ಎತ್ತುವಾಗ ಇಮ್ಮೆ ಎರಡೂ ತೋಳಿನಿಂದ ಅವನ ಕೊರಳನ್ನು ಬಿಗಿದು ಹಿಂದಕ್ಕೆ, ಆಳಕ್ಕೆ, ಉರುಳಿದಳು. ಸ್ವಲ್ಪ ಹೊತ್ತು ನೀರು ಕುದಿಯಿತು. ಸವಾರರು ಸಂಜೆಯ ತನಕ ಈಟಿ ಇಳಿಸಿ ತಡಕಿದರು, ಏನೂ ಸಿಗಲಿಲ್ಲ.

ಕೊಯ್ವಾಲದವರು ಕೊನೆಗೆ ಕ್ರೈಸ್ತರೇ ಆದರು. ಇಂದು ದಿಬ್ಬದ ಚರ್ಚಿನಲ್ಲಿ ಭಕ್ತಿಯಿಂದ ಮಂಡಿಯೂರುವವರು ಅಂದು ಅಳಿದುಳಿದವರ ಸಂತಾನ. ಆದರೂ ಮಗುವಿಗೆ ಜ್ಞಾನಸ್ನಾನವಾದ ದಿನ ತಾಯಿ ಅದನ್ನು ಎತ್ತಿಕೊಂಡು ಇಲ್ಲಿಗೆ ಇಳಿದು ಬರುತ್ತಾಳೆ, ಒಂದು ಚೂರು ರೊಟ್ಟಿಯನ್ನು ನೀರಿಗೆ ಬಿಡುತ್ತಾಳೆ. ಪಾದ್ರಿಗಳು ನೋಡಿಯೂ ನೋಡದಂತಿರುತ್ತಾರೆ. ಇಮ್ಮೆ ಕೈಗೆ ಬಂದದ್ದನ್ನೆಲ್ಲ ಮರಳಿಸುತ್ತಾಳೆ, ಆ ದಳಪತಿಯೊಬ್ಬನನ್ನು ಬಿಟ್ಟು, ಎನ್ನುತ್ತಾರೆ. ಒದ್ದೆಯಾದ ಆ ಚೂರು ಸುತ್ತು ಹಾಕಿ ದಡ ಮುಟ್ಟುವ ತನಕ ಯಾವ ತಾಯಿಯೂ ಮಗುವನ್ನು ಎತ್ತಿಕೊಂಡು ಮನೆಗೆ ಹೊರಡುವುದಿಲ್ಲ.