ಜೋಡಿಸಿದ ಲೇತು

ಮೌನೇಶಾಚಾರಿಯ ಅಂಗಡಿಯಲ್ಲಿ ಮರ ಕಡೆಯುವ ಎರಡು ಲೇತುಗಳು ದಿನವಿಡೀ ಹರಟುತ್ತ, ಲಟ್ಟಣಿಗೆ, ತೊಟ್ಟಿಲ ಕಾಲು ಕಡೆಯುತ್ತಿದ್ದವು. ಒಮ್ಮೆ ಎರಡರಲ್ಲಿ ಯಾವುದಕ್ಕೂ ಹಿಡಿಸದಷ್ಟು ಉದ್ದದ ತೇಗದ ಕಂಬ ಬಂತು.

ಹಿರಿಯ ಲೇತಿಗೆ ಆಸೆ ಹುಟ್ಟಿತು. "ಆಚಾರ್ರೇ, ನಮ್ಮಿಬ್ಬರನ್ನೂ ಉದ್ದಕ್ಕೆ ಜೋಡಿಸಿಬಿಡಿ."

"ಹಾಗಾದರೆ ಒಂದರ ಮೋಟಾರು ತೆಗೆಯಬೇಕಲ್ಲ?"

"ತಮ್ಮನದು ತೆಗೆಯಿರಿ."

ಕಿರಿಯದು ಬೆದರಿತು. "ಅಣ್ಣಾ, ಮೋಟಾರು ಹೋದರೆ ನನ್ನ ದನಿಯೂ ಹೋಗುತ್ತದೆ!"

"ಇಬ್ಬರ ಮಾತನ್ನೂ ನಾನೇ ಆಡುತ್ತೇನೆ, ಬಿಡು."

ಆಚಾರಿ ಜೋಡಿಸಿದ. ಕಂಬ ಸೊಗಸಾಗಿ ಬಂತು, ನೋಡಿದವರೆಲ್ಲ ಹೊಗಳಿದರು. ಹಿರಿಯದು ಹಿಗ್ಗಿನಿಂದ, "ಹೇಗಿದೆಯೋ ತಮ್ಮಾ?" ಎಂದು ಕೇಳಿತು. ಮತ್ತೆ ಕೇಳಿತು. ತಮ್ಮನಿದ್ದ ಕಡೆ ಈಗ ತನ್ನದೇ ಮೈ ತಣ್ಣಗೆ ಚಾಚಿಕೊಂಡಿತ್ತು.

"ಒಂದು ಸಲ ಬೈದಾದರೂ ಬಿಡೋ," ಎಂದು ಅದು ಅಂಗಲಾಚಿತು.