ಒಡೆಯನಿಗೆ ಮದ್ದು ಅರೆದವಳು

“ಗುರುಗಳೇ, ಕ್ಯೂಬಾದ ಮುಖಂಡ ಹಾಸಿಗೆ ಹಿಡಿದಿದ್ದಾನಂತೆ. ಅವನು ಕಣ್ಣು ಮುಚ್ಚಿದರೆ ಆ ದ್ವೀಪಕ್ಕೂ ಅಮೆರಿಕಕ್ಕೂ ನಡುವೆ ದಾರಿ ತೆರೆಯುತ್ತದೆಯೇ?”

ಕೇಳಿದವನು ಫಕೀರಪ್ಪ. ಗುರುಗಳ ಕಣ್ಣು ಮಂಜಾದ ಮೇಲೆ ದಿನವೂ ಬೆಳಿಗ್ಗೆ ಪತ್ರಿಕೆ ಓದಿ ಹೇಳುವ ಕೆಲಸ ಅವನದು. ಆ ದಿನ ಹತ್ತಿಯ ಧಾರಣೆ, ಮಂತ್ರಿಗಳ ಭಾಷಣ ಎಲ್ಲವೂ ಮುಗಿದು ಒಳಪುಟದ ಮೂಲೆಯಲ್ಲಿದ್ದ ನಾಲ್ಕು ಸಾಲಿಗೆ ಬಂದಿದ್ದ. ಅದನ್ನು ಓದಿ, ಪತ್ರಿಕೆ ಮಡಚದೆ ಹಾಗೆಯೇ ಕುಳಿತಿದ್ದ.

“ಅಷ್ಟು ದೂರದ ಮಾತು ನಾನೇನು ಬಲ್ಲೆ?” ಎಂದರು ಗುರುಗಳು. “ನನಗೆ ಗೊತ್ತಿರುವುದು ಬೇರೊಂದು ದ್ವೀಪ. ಅದು ಯಾವ ನಕ್ಷೆಯಲ್ಲೂ ಇಲ್ಲ. ಕೇಳು.”

ಒಂದು ದ್ವೀಪ. ಅದರ ಎದುರಿಗೆ ಒಂದು ದೊಡ್ಡ ನಾಡು. ನಡುವಿನ ನೀರು ಹೆಚ್ಚು ಅಗಲವಿರಲಿಲ್ಲ. ಬೆಳಗಿನ ಮಂಜು ಕರಗಿದರೆ ಅಲ್ಲಿ ಒಲೆ ಹೊತ್ತಿಸಿದ ಹೊಗೆ ಇಲ್ಲಿಗೆ ಕಾಣುತ್ತಿತ್ತು. ಗಾಳಿ ಈ ಕಡೆಗೆ ಬೀಸಿದರೆ ಅಲ್ಲಿಯ ನಾಯಿ ಬೊಗಳುವುದೂ ಕೇಳುತ್ತಿತ್ತು.

ಒಂದು ಕಾಲಕ್ಕೆ ದ್ವೀಪದ ಕಬ್ಬಿನ ಹೊಲವೆಲ್ಲ ದೊಡ್ಡ ನಾಡಿನವರ ಕೈಯಲ್ಲಿತ್ತು. ದ್ವೀಪದ ಒಬ್ಬ ತರುಣ ಜನರನ್ನು ಕಟ್ಟಿಕೊಂಡು ಅವರನ್ನು ಓಡಿಸಿದ. ಜನ ಅವನನ್ನು ಒಡೆಯನೆಂದು ಕರೆದರು. ಎದುರು ದಡದ ಅರಸನಿಗೆ ಕೋಪ ಬಂತು. ‘ಆ ಮನುಷ್ಯ ಬದುಕಿರುವವರೆಗೆ ದ್ವೀಪದ ದೋಣಿಗೆ ನಮ್ಮ ದಡವಿಲ್ಲ’ ಎಂದು ಆಜ್ಞೆ ಬರೆಸಿದ. ಒಡೆಯ ಸುಮ್ಮನಿರುವವನೇ? ‘ಆ ಆಜ್ಞೆ ಇರುವವರೆಗೆ ನಮ್ಮ ದೋಣಿ ಆ ಕಡೆ ತಲೆ ಹಾಕುವುದಿಲ್ಲ’ ಎಂದು ಅವನೂ ಬರೆಸಿದ. ಒಡೆಯನ ಆಳ್ವಿಕೆ ಸೇರದ ಕೆಲವರು ರಾತ್ರೋರಾತ್ರಿ ದಾಟಿ ಹೋಗಿ ಅಲ್ಲಿಯೇ ಉಳಿದರು. ಉಳಿದವರು ಇಲ್ಲಿ ಉಳಿದರು. ನೀರು ಮೊದಲಿನಂತೆಯೇ ಹರಿಯಿತು.

ಹೀಗೆ ನಲವತ್ತು ವರ್ಷ ಕಳೆಯಿತು. ದ್ವೀಪದ ಮಕ್ಕಳಿಗೆ ಎದುರು ದಡವೆಂದರೆ ಬೆಳಿಗ್ಗೆ ಕಂಡು ಮಧ್ಯಾಹ್ನಕ್ಕೆ ಮಾಯವಾಗುವ ಒಂದು ನೀಲಿ ಗೆರೆ. ಕನಸಿನಲ್ಲಿ ಕಂಡ ಊರಿನ ಹಾಗೆ.

ಆ ದ್ವೀಪದಲ್ಲಿ ಮದ್ದು ಅರೆಯುವ ಒಬ್ಬ ಹೆಂಗಸಿದ್ದಳು. ದಾರಿ ಮುಚ್ಚುವ ಹಿಂದಿನ ವರ್ಷ ಅವಳ ತಂಗಿಯನ್ನು ಎದುರು ದಡಕ್ಕೆ ಕೊಟ್ಟಿದ್ದರು. ದೋಣಿ ನಿಂತರೂ ಬಲೆ ನಿಂತಿರಲಿಲ್ಲ. ಎರಡೂ ಕಡೆಯ ಬೆಸ್ತರು ತಮ್ಮ ತಮ್ಮ ಪಾಲಿನ ನೀರಿನಲ್ಲಿ ಬಲೆ ಬೀಸುತ್ತಿದ್ದರು. ನಡುನೀರಿನಲ್ಲಿ ಬಲೆಯ ಅಂಚಿಗೆ ಅಂಚು ತಾಗಿದಾಗ ಮಾತು ಈ ಕಡೆಯಿಂದ ಆ ಕಡೆಗೆ ದಾಟುತ್ತಿತ್ತು. ಮೊದಮೊದಲು ತಂಗಿಯ ಸುದ್ದಿ ಹಾಗೆ ಬರುತ್ತಿತ್ತು. ಗಂಡು ಮಗು ಹುಟ್ಟಿದೆ. ಸುಣ್ಣದ ಗೂಡಿನ ಪಕ್ಕಕ್ಕೆ ಮನೆ ಬದಲಾಯಿಸಿದ್ದೇವೆ. ಅವರಿಗೆ ಮಂಡಿ ನೋವು, ಏನು ಹಚ್ಚಲಿ? ‘ಎಕ್ಕದ ಎಲೆ ಬಿಸಿ ಮಾಡಿ ಕಟ್ಟು’ ಎಂದು ಅಕ್ಕ ಹೇಳಿ ಕಳುಹಿಸಿದಳು. ಆ ಒಂದು ಮಾತು ತಲುಪಲು ಹದಿನೈದು ದಿನ ಹಿಡಿಯಿತು. ಆಮೇಲೆ ಆ ಹಳೆಯ ಬೆಸ್ತರು ಒಬ್ಬೊಬ್ಬರಾಗಿ ತೀರಿಕೊಂಡರು. ಹೊಸಬರಿಗೆ ಯಾರ ತಂಗಿ, ಯಾರ ಅಕ್ಕ ಎಂದು ಗೊತ್ತಿರಲಿಲ್ಲ. ಊರ ಮಾತು ದಾಟಿ ಬರುತ್ತಿತ್ತು, ತಂಗಿಯ ಸುದ್ದಿ ಮಾತ್ರ ನಿಂತಿತು.

ಒಡೆಯನಿಗೆ ಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡದ್ದು ಆಗ. ದೊಡ್ಡ ವೈದ್ಯರು ನೋಡಿದರು, ತಲೆ ಅಲ್ಲಾಡಿಸಿದರು. ಕೊನೆಗೆ ಮದ್ದಿನ ಹೆಂಗಸಿಗೆ ಕರೆ ಬಂತು. ಅವಳು ಮೂರು ಬೇರು ತಂದು, ಅರೆದು, ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ನೋವು ತಗ್ಗಿತು. ಕಾಯಿಲೆ ಹೋಗಲಿಲ್ಲ.

ದಿನವೂ ಮದ್ದು ನೆಕ್ಕಿದ ಮೇಲೆ ಒಡೆಯ ಕೇಳುತ್ತಿದ್ದದ್ದು ಒಂದೇ ಮಾತು. “ಆ ದಡದಲ್ಲಿ ಏನು ಸುದ್ದಿ?”

“ನೀವು ಹೋಗುವ ದಿನಕ್ಕೆ ಹೋಳಿಗೆ ಮಾಡಬೇಕೆಂದು ಬೇಳೆ ಬೇಯಿಸಿಟ್ಟಿದ್ದಾರಂತೆ. ಡೋಲು ಬಿಗಿ ಮಾಡಿಟ್ಟಿದ್ದಾರಂತೆ.”

ಒಡೆಯ ನಗುತ್ತಿದ್ದ. “ಬೇಳೆ ಹಳಸಲಿ,” ಎನ್ನುತ್ತಿದ್ದ. ನಕ್ಕ ದಿನ ಎದ್ದು ಕೂರುತ್ತಿದ್ದ. ಒಂದು ಬಟ್ಟಲು ಗಂಜಿ ಕುಡಿಯುತ್ತಿದ್ದ. ಸುದ್ದಿ ಇಲ್ಲದ ದಿನ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ತನ್ನ ಬೇರಿಗಿಂತ ಆ ಹಗೆಯೇ ಇವನನ್ನು ಬದುಕಿಸಿದೆ ಎಂದು ಹೆಂಗಸಿಗೆ ತಿಳಿಯಿತು. ತಿಳಿದು ಅವಳು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಜ್ವರ ಏರಿತು. ಹೊರಗೆ ಬಿಸಿಲು ಬಿಳಿಯಾಗಿತ್ತು. ಒಳಗೆ ನೀರಿನ ನೆರಳು ಸೂರಿನ ಮೇಲೆ ಅಲುಗುತ್ತಿತ್ತು. ಒಡೆಯ ಕಣ್ಣು ಅರೆ ಮುಚ್ಚಿ ಮಾತಾಡತೊಡಗಿದ.

“ಈಗ ಹೋಗಿ ಬಂದೆ. ದೋಣಿ ಬೇಕಾಗಲಿಲ್ಲ. ನೀರು ಮೊಣಕಾಲಿನವರೆಗೆ ಮಾತ್ರ ಇತ್ತು, ಬೆಚ್ಚಗಿತ್ತು. ಮೀನು ಪಾದಕ್ಕೆ ಮುತ್ತುತ್ತಿದ್ದವು. ಅರಸನ ಮನೆಯ ಬಾಗಿಲು ತೆರೆದಿತ್ತು. ಕಾವಲಿಲ್ಲ. ಒಳಗೆ ಒಬ್ಬ ಮುದುಕ ಕಸ ಗುಡಿಸುತ್ತಿದ್ದ. ಆಜ್ಞೆ ಬರೆಸಿದವನು ಎಲ್ಲಿ ಎಂದು ಕೇಳಿದೆ. ಅವನು ತೀರಿಕೊಂಡು ಮೂವತ್ತು ವರ್ಷವಾಯಿತಲ್ಲ ಎಂದ. ಆಮೇಲೆ ಬಂದವನು? ಅವನೂ ಇಲ್ಲ. ಆಮೇಲಿನವನು? ಒಂಬತ್ತು ಜನ ಕುಳಿತು ಎದ್ದುಹೋದರು ಸ್ವಾಮಿ, ಕುರ್ಚಿ ಮಾತ್ರ ಅದೇ ಎಂದ. ಕುರ್ಚಿಯ ಮೇಲೆ ಆ ಕಾಗದ ಇತ್ತು. ಅಕ್ಷರ ಅಳಿಸಿಹೋಗಿತ್ತು.”

ಅವನು ಕಣ್ಣು ತೆರೆದ. ಹಾಸಿಗೆಯ ಪಕ್ಕದಲ್ಲಿದ್ದವಳನ್ನು ನೋಡಿದ.

“ನಾನು ಇಷ್ಟು ದಿನ ಯಾರ ಜೊತೆ ಜಗಳವಾಡುತ್ತಿದ್ದೆ?”

ನಲವತ್ತು ವರ್ಷ ಗಂಟಲಲ್ಲಿ ನಿಂತಿದ್ದ ಮಾತು ಆಗ ಹೊರಗೆ ಬಂತು. “ಅದು ನನಗೆ ಗೊತ್ತಿಲ್ಲ ಒಡೆಯಾ. ನನ್ನ ತಂಗಿ ಆ ದಡದಲ್ಲಿದ್ದಾಳೆ. ಅವಳ ಜೊತೆ ನನಗೆ ಜಗಳವಿಲ್ಲ. ಒಂದು ದೋಣಿ ಬಿಡಿಸಿ ಕೊಡಿ.”

ಒಡೆಯ ಹೊದಿಕೆ ಸರಿಸಿದ. ಜ್ವರ ಇಳಿದು ಬೆವರಿದ. ಬೆವರಿನ ಜೊತೆ ಕನಸೂ ಇಳಿಯಿತು.

“ನಾನಿರುವಾಗ ಈ ಕಡೆಯಿಂದ ದೋಣಿ ಹೋದರೆ ನಾನು ಸೋತಂತೆ,” ಎಂದ. “ನಾನು ಹೋದ ಮೇಲೆ ಹೋಗು. ಇನ್ನೆಷ್ಟು ದಿನ?”

ಅವಳು ತಲೆ ಬಗ್ಗಿಸಿ ಮನೆಗೆ ಬಂದಳು.

ಅಂದಿನಿಂದ ಅವಳಿಗೆ ದಿನ ಎಣಿಸುವ ಚಾಳಿ ಅಂಟಿಕೊಂಡಿತು. ಇಂದು ಎಷ್ಟು ಗಂಜಿ ಕುಡಿದ? ಕೈ ನಡುಗಿತೇ? ಉಗುರು ನೀಲಿಯಾಯಿತೇ? ಎಲ್ಲ ರೋಗಿಗಳನ್ನೂ ಹಾಗೆಯೇ ನೋಡುತ್ತೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮದ್ದು ಅರೆಯುವ ಕಲ್ಲಿನ ಮುಂದೆ ಕುಳಿತರೆ ಕಣ್ಣ ಮುಂದೆ ಸುಣ್ಣದ ಗೂಡು ಕಾಣುತ್ತಿತ್ತು. ಅದರ ಪಕ್ಕದ ಮನೆ, ಹೊಸ್ತಿಲಲ್ಲಿ ಹದಿನೇಳು ವರ್ಷದ ತಂಗಿ. ತಂಗಿಗೆ ವಯಸ್ಸಾಗಿರುತ್ತದೆ ಎಂಬುದು ಆ ನೋಟಕ್ಕೆ ಗೊತ್ತೇ ಇರಲಿಲ್ಲ.

ಹಾಗೆ ಕುಳಿತಿದ್ದ ಒಂದು ಬೆಳಿಗ್ಗೆ ಅವಳು ಕಲ್ಲಿನ ಮೇಲೆ ನೋಡಿದಳು. ಮೂರು ಬೇರು ಇರಬೇಕಾದ ಜಾಗದಲ್ಲಿ ಒಂದೇ ಬೇರಿತ್ತು. ಉಳಿದ ಎರಡು ಅವಳ ಮಡಿಲಲ್ಲಿದ್ದವು. ಯಾವಾಗ ತೆಗೆದಿಟ್ಟುಕೊಂಡಳೋ ಅವಳಿಗೆ ನೆನಪಿರಲಿಲ್ಲ. ಅಂದು ಮಾತ್ರವೋ, ಹಿಂದಿನ ದಿನವೂ ಹೀಗೆಯೇ ಆಗಿತ್ತೋ, ಅದೂ ನೆನಪಿರಲಿಲ್ಲ.

ಅವಳು ತಟಕ್ಕನೆ ಎದ್ದಳು. ಅರೆದದ್ದನ್ನು ಬಳಿದು ಹೊರಗೆ ಎಸೆದಳು. ಕಲ್ಲು ತೊಳೆದಳು, ಕೈ ತೊಳೆದಳು. ಮೂರು ಬೇರನ್ನೂ ಇಟ್ಟು ಹೊಸದಾಗಿ ಅರೆದಳು. ಹೊತ್ತಾಯಿತು. ಮದ್ದು ತೆಗೆದುಕೊಂಡು ಹೋದಾಗ ಒಡೆಯ ಅವಳ ಮುಖವನ್ನೇ ನೋಡಿದ. ಆಳಿ ಪಳಗಿದ ಕಣ್ಣು ಅದು.

“ನೀನೂ ಕಾಯುತ್ತಿದ್ದೀಯಾ?”

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಹೌದು ಒಡೆಯಾ,” ಎಂದಳು. “ಇಂದು ಬೆಳಿಗ್ಗೆ ನನ್ನ ಕೈಯೂ ಕಾದು ಎರಡು ಬೇರು ಕಡಿಮೆ ಹಾಕಿತ್ತು. ಎಸೆದು ಬೇರೆ ಅರೆದು ತಂದಿದ್ದೇನೆ. ಬೇಡವೆಂದರೆ ನೆಕ್ಕಬೇಡಿ.”

ಬಾಗಿಲಲ್ಲಿದ್ದ ಕಾವಲಿನವನು ಈಟಿ ಎತ್ತಿದ. ಒಡೆಯ ಕೈ ಅಡ್ಡ ಹಿಡಿದ. ಬಟ್ಟಲು ತೆಗೆದುಕೊಂಡು ಮದ್ದನ್ನು ಪೂರ್ತಿ ನೆಕ್ಕಿದ. ಬಟ್ಟಲು ಕೆಳಗಿಟ್ಟು, “ಇಷ್ಟು ಜನ ನನ್ನ ಸುತ್ತ ಇದ್ದಾರೆ. ಮುಖಕ್ಕೆ ಹೇಳಿದವಳು ನೀನೊಬ್ಬಳು. ನಾಳೆ ದೋಣಿ ಬಿಡಿಸುತ್ತೇನೆ. ಹೋಗು. ನನಗಾಗಿ ಕಾಯಬೇಡ,” ಎಂದ.

ಮರುದಿನ ಬೆಳಿಗ್ಗೆ ಅವನನ್ನು ಮಂಚದ ಸಮೇತ ದಡಕ್ಕೆ ಹೊತ್ತು ತಂದರು. ನಲವತ್ತು ವರ್ಷದ ಮೇಲೆ ದ್ವೀಪದಿಂದ ಎದುರು ದಡಕ್ಕೆ ಒಂದು ದೋಣಿ ಹೊರಟಿತು. ಅದರಲ್ಲಿ ಒಬ್ಬ ಅಂಬಿಗ, ಒಬ್ಬ ಮುದುಕಿ, ಒಂದು ಗಂಟು. ಮಂಜು ದಟ್ಟವಾಗಿತ್ತು. ಹುಟ್ಟಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದಿನ ದಡ ಕರಗಿತು, ಮುಂದಿನ ದಡ ಇನ್ನೂ ಮೂಡಿರಲಿಲ್ಲ. ತಾನು ಸತ್ತು ಹೋಗುತ್ತಿದ್ದೇನೆಯೋ, ಹುಟ್ಟಲು ಹೋಗುತ್ತಿದ್ದೇನೆಯೋ ಎಂದು ಅವಳಿಗೆ ಅನುಮಾನವಾಯಿತು. ಅಂತಹ ನೆಮ್ಮದಿಯನ್ನು ಅವಳು ಮೊದಲು ಕಂಡಿರಲಿಲ್ಲ.

ನಡುನೀರು ದಾಟಿದ ಮೇಲೆ ಮಂಜಿನಿಂದ ಇನ್ನೊಂದು ದೋಣಿ ಬಂತು. ಅದರಲ್ಲಿ ಆ ನಾಡಿನ ಒಬ್ಬ ಸಿಪಾಯಿ. ಮೀಸೆ ಈಗಷ್ಟೇ ಚಿಗುರಿದವನು.

“ನಿಮ್ಮ ಒಡೆಯ ಸತ್ತನೇ?” ಎಂದು ಕೂಗಿದ.

“ಇಲ್ಲಪ್ಪ. ಅವನೇ ಕಳುಹಿಸಿದ. ದಡದಲ್ಲಿ ಕುಳಿತಿದ್ದಾನೆ.”

ಸಿಪಾಯಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಮುದುಕಿಯ ಗಂಟನ್ನು ನೋಡಿದ, ಅವಳ ಬರಿಗೈಯನ್ನು ನೋಡಿದ. “ಅವನು ಬದುಕಿರುವವರೆಗೆ ಯಾರನ್ನೂ ಬಿಡಬೇಡ ಎಂದಿದೆ ಅಜ್ಜೀ. ನಾನು ಬರೆದದ್ದಲ್ಲ, ನಮ್ಮ ತಾತನ ಕಾಲದ್ದು. ಇನ್ನು ಸ್ವಲ್ಪ ದಿನ ತಾನೇ? ಅವನು ಸತ್ತ ಮೇಲೆ ಬಾ. ನಾನೇ ಕೈ ಹಿಡಿದು ಇಳಿಸುತ್ತೇನೆ.”

ಅವಳು ಬೇಡಿಕೊಂಡಳು. ಅವನೂ ಹೆಚ್ಚುಕಡಿಮೆ ಬೇಡಿಕೊಂಡ. ಕೊನೆಗೆ ಅವಳು ತಂಗಿಯ ಹೆಸರು, ಸುಣ್ಣದ ಗೂಡಿನ ಗುರುತು ಹೇಳಿದಳು. ವಿಚಾರಿಸಿ ಬೆಸ್ತರ ಕೈಯಲ್ಲಿ ಹೇಳಿ ಕಳುಹಿಸುತ್ತೇನೆ ಎಂದು ಅವನು ಆಣೆ ಮಾಡಿದ. ದೋಣಿ ತಿರುಗಿತು.

ಸಿಪಾಯಿ ಮಾತು ಉಳಿಸಿಕೊಂಡ. ಎಂಟನೆಯ ದಿನ ಸುದ್ದಿ ಬಂತು. ತಂಗಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಕೆಮ್ಮು ಹಿಡಿದು ಮಲಗಿದ್ದಾಗ, ಕದ್ದಾದರೂ ದಾಟಿಸುತ್ತೇನೆ, ಬಾ ಎಂದು ಮಗ ಕರೆದಿದ್ದನಂತೆ. ಅವಳು ಒಪ್ಪಲಿಲ್ಲವಂತೆ. ‘ಆ ಒಡೆಯನಿಗೂ ಮೈಗೆ ಸರಿಯಿಲ್ಲವಂತೆ. ಇನ್ನೇನು ಹೋಗುತ್ತಾನೆ. ಹಗಲು ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಹೊಸ ಸೀರೆ ಉಟ್ಟು ಅಕ್ಕನ ಮನೆಗೆ ಹೋಗುತ್ತೇನೆ’ ಎಂದಿದ್ದಳಂತೆ.

ಹೆಂಗಸು ಅತ್ತಳು. ಅತ್ತು, ಎದ್ದು, ಮೂರು ಬೇರು ತೊಳೆದು ಅರೆದಳು. ಹೊತ್ತಿಗೆ ಸರಿಯಾಗಿ ಮದ್ದು ತೆಗೆದುಕೊಂಡು ಹೋದಳು.

“ಆ ದಡದಲ್ಲಿ ಏನು ಸುದ್ದಿ?” ಎಂದ ಒಡೆಯ.

“ನನ್ನ ತಂಗಿ ತೀರಿಕೊಂಡಳಂತೆ. ಅವಳೂ ನೀವು ಹೋಗಲಿ ಎಂದೇ ಕಾದಿದ್ದಳಂತೆ.”

ಒಡೆಯನಿಗೆ ನಗು ಬರಲಿಲ್ಲ. ಅವಳ ಕೈಯನ್ನು ಹಿಡಿಯಲು ಹೋದವನು ಹಿಡಿಯಲಿಲ್ಲ. ಆ ದಿನ ಗಂಜಿ ಬೇಡವೆಂದ. ಮತ್ತೆ ಒಂದು ದಿನವೂ ಎದುರು ದಡದ ಸುದ್ದಿ ಕೇಳಲಿಲ್ಲ. ಅವಳು ಮೂರು ಬೇರಿನ ಜಾಗದಲ್ಲಿ ನಾಲ್ಕು ಹಾಕಿದಳು, ಐದು ಹಾಕಿದಳು. ಬೆಳದಿಂಗಳು ಕಿಟಕಿಯಿಂದ ಸರಿದು ಹೋಗುವಂತೆ ಅವನು ದಿನದಿನಕ್ಕೆ ಸರಿದು ಹೋದ. ಹನ್ನೊಂದನೆಯ ದಿನ ಉಸಿರು ನಿಂತಿತು. ಅವನ ಕಣ್ಣು ಮುಚ್ಚಿಸಿದವಳು ಅವಳೇ.

ಎದುರು ದಡದಲ್ಲಿ ಡೋಲು ಬಡಿದರು. ಒಂದು ಸುತ್ತು ಬಡಿದು ನಿಲ್ಲಿಸಿದರು. ಒಡೆಯನ ಮೇಲೆ ಹಗೆ ಕಟ್ಟಿಕೊಂಡವರು ಯಾವಾಗಲೋ ತೀರಿಹೋಗಿದ್ದರು, ಈಗ ಬಡಿಯುತ್ತಿದ್ದವರು ಅವರ ಮೊಮ್ಮಕ್ಕಳು. ಆಮೇಲೆ ಎರಡೂ ಕಡೆಯ ಹಿರಿಯರು ಕೂತು, ಮೊದಲು ಬರಬೇಕಾದವರು ನೀವೋ ನಾವೋ ಎಂದು ಒಂದು ವರ್ಷ ಮಾತಾಡಿದರು. ಕೊನೆಗೆ ಎರಡು ಆಜ್ಞೆಗಳನ್ನೂ ಹರಿದು ನೀರಿಗೆ ಬಿಟ್ಟರು. ದೋಣಿಗೆ ಬಣ್ಣ ಬಳಿದರು. ಅದರ ತುಂಬ ವ್ಯಾಪಾರಿಗಳು, ನೋಡಿ ಬರೋಣ ಎಂದು ಹೊರಟ ಹುಡುಗರು. ಮೊದಲ ಜಾಗ ಮದ್ದಿನ ಹೆಂಗಸಿಗೆ ಎಂದು ಊರವರು ಅವಳನ್ನು ಕರೆತಂದರು.

ಅವಳು ದೋಣಿಯ ಅಂಚಿಗೆ ಕೈಯಿಟ್ಟು ನಿಂತಳು. ಹತ್ತಲಿಲ್ಲ.

“ಯಾರ ಮನೆಗೆಂದು ಹೋಗಲಿ?” ಎಂದಳು.

ದೋಣಿ ಅವಳನ್ನು ಬಿಟ್ಟು ಹೊರಟಿತು.

ಗುರುಗಳು ಕತೆ ನಿಲ್ಲಿಸಿದರು. ಫಕೀರಪ್ಪ ಸ್ವಲ್ಪ ಹೊತ್ತು ಕಾದ. ಮುಂದಕ್ಕೆ ಇದೆಯೇನೋ ಎಂದುಕೊಂಡಿದ್ದ.

“ಏನೇ ಆಗಲಿ ಗುರುಗಳೇ, ಅವನು ಸತ್ತ ಮೇಲೆ ದಾರಿ ತೆರೆಯಿತಲ್ಲ?”

ಗುರುಗಳು ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದರು.

“ನೀನು ಯಾರ ಸಾವಿಗೆ ಕಾಯುತ್ತಿದ್ದೀಯೆ, ಫಕೀರಪ್ಪ?”