ಮೂರನೇ ಕಾಲೇಜು

ಮಲಪ್ರಭೆಯ ದಂಡೆಯಲ್ಲಿ ಒಂದು ಚಿಕ್ಕ ಮಠ. ಅಲ್ಲಿಯ ಸ್ವಾಮಿಗಳಾದ ಅಜ್ಜಾರಿಗೆ ಸಿಟ್ಟೇ ಬರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳಿದವರು ಶಿಷ್ಯೆ ಸಿಂಚನಾಳ ಪ್ರಶ್ನೆಗಳನ್ನು ಕೇಳಿರಲಿಲ್ಲ.

ಅವಳಿಗೆ ಬಿಎಸ್ಸಿ ಓದಲು ಪಟ್ಟಣದ ಮೂರು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಹದಿನೈದು ದಿನದಿಂದ ಮೂರನ್ನೂ ತೂಗುತ್ತಲೇ ಇದ್ದಳು. ನಾಳೆ ಸಂಜೆಯೊಳಗೆ ಒಂದಕ್ಕೆ ಸೇರದಿದ್ದರೆ ಒಂದು ವರ್ಷ ಹಾಳು.

"ಅಜ್ಜಾರ, ಒಂದನೇದರ ಕಟ್ಟಡ ಛಲೋ ಐತ್ರಿ. ಎರಡನೇದಕ್ಕ ಬಸ್ಸು ಬಾಗಿಲ ತನಕ ಹೋಗತೈತಿ. ಮೂರನೇದಕ್ಕ ಹೆಸರೈತಿ. ಯಾವುದಕ್ಕ ಸೇರ್ಲಿ?"

"ನಿನ್ನೇನೂ ಇದನ್ನ ಕೇಳಿದಿ."

"ಮೊನ್ನೇನೂ ಕೇಳೀನ್ರಿ. ನೀವು ಹೇಳಲೇ ಇಲ್ಲ."

ಅಂಗಳ ಗುಡಿಸುತ್ತಿದ್ದ ಅಜ್ಜಾರು ನಿಂತರು.

"ಮೂರೂ ಕಾಲೇಜು ನೋಡಿ ಬಂದೀಯೇನು?"

"ಫೋಟೋ ನೋಡೀನ್ರಿ. ಚಾರ್ಟ್ ಮಾಡೀನಿ."

ಚಾರ್ಟಿನಲ್ಲಿ ಇಪ್ಪತ್ತೆರಡು ಕಾಲಮ್ಮುಗಳಿದ್ದವು. ಹಾಸ್ಟೆಲಿನ ಚಪಾತಿಗೂ ಒಂದಿತ್ತು.

ಅಜ್ಜಾರು ಕಣ್ಣು ಮುಚ್ಚಿದರು. ಅದು ಧ್ಯಾನವಾಗಿರಲಿಲ್ಲ.

"ನಾಳೆ ಮುಂಜಾನೆ ಮೂರೂ ಕಡೆ ಹೋಗು. ಲ್ಯಾಬಿನ ಅಟೆಂಡರಿಗೆ ಒಂದ ಮಾತು ಕೇಳು. ಹೋದ ವರ್ಷ ಏನೇನು ಒಡದೈತಿ, ಅಂತ."

"ಅದನ್ನ ಚಾರ್ಟಿನ್ಯಾಗ ಎಲ್ಲಿ ಬರೀಲ್ರಿ?"

ಅಜ್ಜಾರು ಮತ್ತೆ ಗುಡಿಸತೊಡಗಿದರು. ಧೂಳೆಲ್ಲ ಅವಳ ಕಡೆಗೇ ಬಂತು.

ಮರುದಿನ ಮಧ್ಯಾಹ್ನ ಮೂರಕ್ಕೆ ಅವಳು ಏದುಸಿರು ಬಿಡುತ್ತ ಬಂದು ಕೂತಳು.

"ಏನೇನು ಒಡದಿತ್ತು?"

"ಒಂದನೇದರಾಗ ಏನೂ ಒಡದಿಲ್ರಿ. ಕಪಾಟಿಗೆ ಕೀಲಿ ಹಾಕ್ಯಾರ. ಗಾಜೆಲ್ಲ ಫಳಫಳ ಹೊಳೀತಾವ. ಭಾಳ ಶಿಸ್ತು."

"ಎರಡನೇದು?"

"ಅದನ್ನ ಕೇಳಬ್ಯಾಡ್ರಿ. ಅಟೆಂಡರ್ ಎಲ್ಲಾರಿಗೂ ಬೈಕೋತ ನಿಂತಿದ್ದ. ಬೀಕರು, ಥರ್ಮಾಮೀಟರು, ಒಡದದ್ದಕ್ಕ ಲೆಕ್ಕಾನ ಇಲ್ಲಂತ. ಟೇಬಲ್ ತುಂಬ ಕಲೆ."

"ಆಮ್ಯಾಲೆ?"

"ಅಲ್ಲಿ ಓದೋ ಒಬ್ಬಾಕಿ, ಬಾ ಇದನ್ನ ನೋಡು ಅಂತ ಮೈಕ್ರೋಸ್ಕೋಪಿನ ಮುಂದ ಕುಂದ್ರಿಸಿದಳು. ಕಾಲೇಜಿನ ಹಿಂದಿನ ಕೆರೀದು ಒಂದು ಹನಿ ನೀರು. ಅದರಾಗೊಂದು ಹುಳ, ಅಜ್ಜಾರ. ಗಾಜಿನಂಥ ಮೈ. ತಿಂದದ್ದೆಲ್ಲ ಹೊರಗಿಂದನ ಕಾಣತೈತಿ. ಒಂದು ಹಸಿರು ಚುಕ್ಕಿ ನುಂಗಿತು. ಆ ಚುಕ್ಕಿ ಒಳಗ ಎಲ್ಲಿ ಹೋಗತೈತಿ ಅಂತ ನೋಡಕೋತ ಕುಂತೆ. ಆಮ್ಯಾಲೆ ಇನ್ನೊಂದು ನುಂಗಿತು..."

ಅವಳ ದನಿ ನಿಧಾನವಾಯಿತು. ಅಜ್ಜಾರು ಕಾದರು. ಹದಿನೈದು ದಿನದಲ್ಲಿ ಮೊದಲ ಸಲ ಅವರಿಗೆ ಇವಳ ಮಾತು ಕೇಳಲು ಹಿತವೆನಿಸಿತ್ತು.

ಅಷ್ಟರಲ್ಲಿ ಅವಳಿಗೆ ಚಾರ್ಟು ನೆನಪಾಯಿತು.

"ತಲಿ ಎತ್ತೂದ್ರಾಗ ಎರಡು ತಾಸು ಹೋಗಿತ್ರಿ. ಮೂರನೇ ಕಾಲೇಜಿಗೆ ಹೋಗೂದ ಮರ್ತೆ. ಈಗ ಹೋಲಿಸೂದು ಹ್ಯಾಂಗ? ಆ ಹುಳದ ಸಲುವಾಗಿ ಎಲ್ಲಾ ಕೆಟ್ಟುಹೋತು. ನೀವರ ಹೇಳ್ರಿ, ಯಾವುದಕ್ಕ ಸೇರ್ಲಿ?"

ಅಜ್ಜಾರು ಹಣೆ ಚಚ್ಚಿಕೊಂಡರು. ನಿಜವಾಗಿಯೂ ಚಚ್ಚಿಕೊಂಡರು, ವಿಭೂತಿ ಅಂಗೈಗೆ ಹತ್ತಿತು.

"ಏಳು, ಮೂರೂವರೆ ಬಸ್ಸು ಹೋದೀತು. ಮೂರನೇ ಕಾಲೇಜನ್ನ ಮರೆಸಿದ ಹುಳ ಅಲ್ಲೈತಿ, ನೀ ಇಲ್ಲಿ ಏನು ಮಾಡಾಕ ಹತ್ತೀ?"